ಲೋಕಲ್ ರೈಲಿನ ಬಾಗಿಲಲ್ಲಿ ಉಳಿದ ಒಂದಡಿ

ಮುಂಬೈ ಲೋಕಲ್ ಎಂದರೆ ನೂಕುನುಗ್ಗಲು ಎನ್ನುವಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ದಿನಕ್ಕೆ 70 ಲಕ್ಷದಷ್ಟು ಜನ ಓಡಾಡುವ ಆ ಜಾಲದಲ್ಲಿ ಗಾಲಿಕುರ್ಚಿಯವರು, ಊರುಗೋಲಿನವರು, ಬಿಳಿ ಕೋಲು ಹಿಡಿದವರು ಹೇಗೆ ಹತ್ತಿ ಇಳಿಯುತ್ತಾರೆ ಎಂದು ಕೇಳಿದರೆ ಸಿದ್ಧ ಉತ್ತರಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಜವಲ್ಲ. ಬೆಂಗಳೂರಿನಲ್ಲಿ 148 ಕಿ.ಮೀ. ಉದ್ದದ ಉಪನಗರ ರೈಲು ಕಟ್ಟುತ್ತಿರುವ ಹೊತ್ತಿನಲ್ಲಿ ಆ ಉತ್ತರಗಳನ್ನು ಒರೆಗೆ ಹಚ್ಚಲೇಬೇಕು.

ತಪ್ಪು ಕಲ್ಪನೆ: ಪ್ಲಾಟ್‌ಫಾರ್ಮ್ ಎತ್ತರಿಸಿದರೆ ಬೋಗಿಯೊಂದಿಗಿನ ಅಂತರದ ಸಮಸ್ಯೆ ಮುಗಿಯಿತು.

2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ಲೋಕಲ್ ಹತ್ತಲು ಹೋದ ಹದಿಹರೆಯದ ಹುಡುಗಿಯೊಬ್ಬಳು ಅಂತರದೊಳಗೆ ಜಾರಿ ಎರಡೂ ಕೈ ಕಳೆದುಕೊಂಡಳು. ಆ ವಿಷಯ ಬಾಂಬೆ ಹೈಕೋರ್ಟಿನ ಮುಂದೆ ಬಂತು, ಎತ್ತರಿಸುವ ಕೆಲಸಕ್ಕೆ ವೇಗ ಬಂತು. ರೈಲ್ವೆಯ ಎತ್ತರದ ಪ್ಲಾಟ್‌ಫಾರ್ಮ್ ಸಾಮಾನ್ಯವಾಗಿ ಹಳಿಯಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ, ಮುಂಬೈಯಲ್ಲಿ ಅದನ್ನು 900-920ಕ್ಕೆ ಏರಿಸಿದರು. ಎಷ್ಟೋ ಜೀವ ಉಳಿಸಿದ ಕೆಲಸ ಅದು. ಆದರೆ ಬೋಗಿಯ ನೆಲ ಹಳಿಯಿಂದ ಸುಮಾರು 1,200 ಮಿ.ಮೀ. ಎತ್ತರದಲ್ಲಿದೆ. ಅಂದರೆ ಹೆಚ್ಚುಕಡಿಮೆ ಒಂದಡಿ ಇನ್ನೂ ಉಳಿಯಿತು. ಗಾಲಿಕುರ್ಚಿಗೆ ಒಂದಡಿ ಎಂದರೆ ಗೋಡೆಯೇ.

ಅದನ್ನೂ ಏರಿಸಿಬಿಟ್ಟರಾಯಿತಲ್ಲ ಎಂದರೆ, ಆಗುವುದಿಲ್ಲ. ಲೋಕಲ್ ಬೋಗಿಯ ಅಗಲ 3.66 ಮೀಟರ್. ಹಳಿಗಳ ನಡುಮಧ್ಯದಿಂದ ಪ್ಲಾಟ್‌ಫಾರ್ಮ್ ಅಂಚಿಗೆ ಇರುವ ದೂರ 1.67 ಮೀಟರ್ ಮಾತ್ರ. ಬೋಗಿಯ ಅರ್ಧ ಅಗಲವೇ 1.83 ಆಗುವುದರಿಂದ ಅದರ ಮೈ ಪ್ಲಾಟ್‌ಫಾರ್ಮ್ ಅಂಚಿನ ಮೇಲೆ ಅರ್ಧ ಅಡಿಯಷ್ಟು ಚಾಚಿಕೊಂಡೇ ಓಡುತ್ತದೆ. ಅಂಚನ್ನು ಬೋಗಿಯ ನೆಲದ ಮಟ್ಟಕ್ಕೆ ತಂದರೆ ಬೋಗಿ ಅದಕ್ಕೇ ಬಡಿಯುತ್ತದೆ. ಅಂಚನ್ನು ಹಿಂದಕ್ಕೆ ಸರಿಸಿದರೆ, ಎಷ್ಟೋ ಕಡೆ ಅದೇ ಹಳಿಯಲ್ಲಿ ಬರುವ 3.25 ಮೀಟರ್ ಅಗಲದ ದೂರದ ರೈಲುಗಳಿಗೆ ಅಂತರ ಹಿಗ್ಗುತ್ತದೆ. ಸಾಲದ್ದಕ್ಕೆ, ದುರಸ್ತಿಯಾದಾಗಲೆಲ್ಲ ಜಲ್ಲಿ ತುಂಬಿ ತುಂಬಿ ಹಳಿಯೇ ಮೇಲೇಳುತ್ತದೆ. ನಿನ್ನೆ ಸರಿಯಿದ್ದ ಎತ್ತರ ಕೆಲವು ವರ್ಷಗಳಲ್ಲಿ ಮತ್ತೆ ತಗ್ಗಾಗುತ್ತದೆ. ಹೀಗಾಗಿ ಬೋಗಿ, ಹಳಿ, ಪ್ಲಾಟ್‌ಫಾರ್ಮ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕದೆ ಬರೀ ಸಿಮೆಂಟು ಸುರಿದರೆ ಆ ಒಂದಡಿ ಹೋಗುವುದಿಲ್ಲ.

ತಪ್ಪು ಕಲ್ಪನೆ: ಲಿಫ್ಟು, ಎಸ್ಕಲೇಟರು ಬಂದ ಮೇಲೆ ಇನ್ನೇನು ತೊಂದರೆ?

ಎಸ್ಕಲೇಟರ್ ಗಾಲಿಕುರ್ಚಿಯವರಿಗೆ ಉಪಯೋಗವಿಲ್ಲ, ಕಣ್ಣು ಕಾಣದ ಹಲವರಿಗೆ ಭಯ. ಲಿಫ್ಟ್ ನಿಜಕ್ಕೂ ಬೇಕು. ಆದರೆ ರಸ್ತೆಯಿಂದ ಲಿಫ್ಟಿನ ತನಕ ಎರಡೇ ಮೆಟ್ಟಿಲಿದ್ದರೂ ಆ ಲಿಫ್ಟ್ ಇದ್ದೂ ಇಲ್ಲದಂತೆ. ಪ್ಲಾಟ್‌ಫಾರ್ಮ್ ಬದಲಾವಣೆಯ ಘೋಷಣೆಯನ್ನೇ ನೋಡಿ. ‘ಈ ಗಾಡಿ ಇಂದು 3ನೇ ಪ್ಲಾಟ್‌ಫಾರ್ಮಿಗೆ ಬರಲಿದೆ’ ಎಂದ ಕೂಡಲೇ ಉಳಿದವರು ಮೇಲ್ಸೇತುವೆಯತ್ತ ಓಡುತ್ತಾರೆ. ಊರುಗೋಲಿನವರು ಪ್ಲಾಟ್‌ಫಾರ್ಮಿನ ಆ ತುದಿಯ ಲಿಫ್ಟಿಗೆ ಹೋಗಿ, ಸಾಲಿನಲ್ಲಿ ನಿಂತು, ದಾಟಿ ಬರುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಇಲ್ಲಿ ಬೇಕಾದದ್ದು ಇನ್ನೊಂದು ಯಂತ್ರವಲ್ಲ, ಸಾಕಷ್ಟು ಮೊದಲೇ ಸಿಗುವ ಸೂಚನೆ.

ತಪ್ಪು ಕಲ್ಪನೆ: ಅಂಗವಿಕಲರಿಗೆ ಬೇರೆ ಬೋಗಿಯೇ ಇದೆಯಲ್ಲ.

ಇದೆ, ಇರಲೇಬೇಕು. ಆದರೆ ಅದರ ಬಾಗಿಲೂ ಅದೇ ಎತ್ತರದಲ್ಲಿದೆ. ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟು. ನೂಕುನುಗ್ಗಲಿನ ಹೊತ್ತಿನಲ್ಲಿ ಬೇರೆಯವರೂ ಅದಕ್ಕೇ ನುಗ್ಗುತ್ತಾರೆ.

ತಪ್ಪು ಕಲ್ಪನೆ: ಹಳದಿ ಗೆರೆ-ಚುಕ್ಕೆಯ ಟೈಲ್ಸ್ ಅಲಂಕಾರಕ್ಕೆ.

ಅದು ಕಾಲಿನಿಂದ ಓದುವ ದಾರಿ. ಉದ್ದುದ್ದ ಗೆರೆ ಇದ್ದರೆ ‘ಮುಂದೆ ನಡೆ’ ಎಂದರ್ಥ, ಗುಂಡು ಚುಕ್ಕೆ ಸಿಕ್ಕರೆ ‘ನಿಲ್ಲು, ಅಂಚು ಬಂತು’. ಇದನ್ನು ರೂಪಿಸಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರಲ್ಲಿ ಮೊದಲು ಹಾಸಿದ್ದು ಒಕಾಯಾಮಾ ನಗರದಲ್ಲಿ. ನಮ್ಮಲ್ಲಿ ಇದೇ ಸಾಲಿನ ಮೇಲೆ ಪಾರ್ಸೆಲ್ ಮೂಟೆ ಒಟ್ಟುತ್ತಾರೆ. ದುರಸ್ತಿಯಾದಾಗ ಚುಕ್ಕೆಯ ಜಾಗಕ್ಕೆ ಗೆರೆಯ ಟೈಲ್ ಕೂರಿಸುತ್ತಾರೆ. ಒಂದು ಟೈಲ್ ಅದಲುಬದಲಾದರೆ ‘ನಿಲ್ಲು’ ಎನ್ನಬೇಕಾದ ನೆಲ ‘ನಡೆ’ ಎನ್ನುತ್ತದೆ, ಅದೂ ಹಳಿಯ ಕಡೆಗೆ. ಇಂಥ ತಪ್ಪು ಕಣ್ಣೆದುರಿಗಿದ್ದರೂ ಯಾರೂ ಗಮನಿಸದಿರುವುದು ನನ್ನನ್ನು ತುಂಬ ಕಾಡುತ್ತದೆ.

ತಪ್ಪು ಕಲ್ಪನೆ: ಬೆರಳೆಣಿಕೆಯ ಜನರಿಗಾಗಿ ಇಷ್ಟು ಖರ್ಚೇಕೆ?

2011ರ ಜನಗಣತಿ ಎಣಿಸಿದ ಅಂಗವಿಕಲರೇ 2.68 ಕೋಟಿ. ಮಂಡಿನೋವಿನ ಅಜ್ಜಿ, ತುಂಬು ಗರ್ಭಿಣಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಆ ಲೆಕ್ಕದಲ್ಲಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ಸರ್ಕಾರದ ದಯೆ, ಆದಾಗ ಆಗುತ್ತದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ರೈಲು ನಿಲ್ದಾಣ, ಪ್ಲಾಟ್‌ಫಾರ್ಮ್‌ಗಳನ್ನು ಸಾರ್ವಜನಿಕ ಕಟ್ಟಡಗಳ ಸಾಲಿಗೇ ಸೇರಿಸಿದೆ. ನಿಯಮಗಳು ಹೊರಬಿದ್ದದ್ದು 2017ರ ಜೂನ್‌ನಲ್ಲಿ; ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬರೀ ಮಾರ್ಗಸೂಚಿಯಂತಿದ್ದ ನಿಯಮ ಸಾಲದು, ಕಡ್ಡಾಯ ಮಾನದಂಡಗಳೇ ಬೇಕು ಎಂದು ಹೇಳಿತು.

ಮುಂಬೈಗಿರುವ ಹಳೆಯ ಬೋಗಿ, ಹಳೆಯ ಅಂಚಿನ ಕಟ್ಟುಪಾಡು ಬೆಂಗಳೂರಿನ ಹೊಸ ಮಾರ್ಗಗಳಿಗಿಲ್ಲ. ನಮ್ಮ ಮೆಟ್ರೊದಲ್ಲಿ ಪ್ಲಾಟ್‌ಫಾರ್ಮಿನಿಂದ ಬೋಗಿಯೊಳಕ್ಕೆ ಸಮತಟ್ಟಾಗಿ ಹೋಗುವುದನ್ನು ಬೆಂಗಳೂರಿನವರು 2011ರಿಂದ ನೋಡುತ್ತಿದ್ದಾರೆ. ಉಪನಗರ ರೈಲಿನಲ್ಲೂ ಬೋಗಿಯ ನೆಲದ ಎತ್ತರ ಮತ್ತು ಪ್ಲಾಟ್‌ಫಾರ್ಮ್ ಅಂಚಿನ ಎತ್ತರವನ್ನು ಒಂದೇ ನಕ್ಷೆಯಲ್ಲಿ, ಒಂದೇ ಸಲಕ್ಕೆ ನಿಗದಿ ಮಾಡಬೇಕು. ಆ ನಕ್ಷೆ ಪಕ್ಕದ ಬಸ್ ನಿಲ್ದಾಣದ ಪಾದಚಾರಿ ಮಾರ್ಗದಿಂದಲೇ ಶುರುವಾಗಬೇಕು; ಅಂತಿಮಗೊಳಿಸುವ ಮೊದಲು ಗಾಲಿಕುರ್ಚಿ ಬಳಸುವವರನ್ನೂ ಕಣ್ಣು ಕಾಣದವರನ್ನೂ ಕೂರಿಸಿಕೊಂಡು ಕೇಳಬೇಕು.