ಪಡಸಾಲೆಯಲ್ಲೊಂದು ಪ್ರಚಾರಸಭೆ

ಕ್ಯಾಲಿಫೋರ್ನಿಯಾದ ಕೂಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್ ಕಡೆ ಸಿಟಿ ಕೌನ್ಸಿಲಿಗೋ ಸ್ಕೂಲ್ ಬೋರ್ಡಿಗೋ ನಿಂತವರ ಪ್ರಚಾರದಲ್ಲಿ ಮೈಕು, ಮೆರವಣಿಗೆಗಳ ಅಬ್ಬರ ಕಾಣುವುದಿಲ್ಲ. ಆ ರಾಜ್ಯದಲ್ಲಿ ಸ್ಥಳೀಯ ಹುದ್ದೆಗಳೆಲ್ಲ ಪಕ್ಷಾತೀತವಾದ್ದರಿಂದ ಮತಪತ್ರದಲ್ಲಿ ಪಕ್ಷದ ಹೆಸರೂ ಇರುವುದಿಲ್ಲ. ಗುರುತಿಲ್ಲದ ಐದಾರು ಹೆಸರುಗಳ ನಡುವೆ, ಪಕ್ಕದ ಮನೆಯವರು ಹೇಳಿದ ಹೆಸರಿಗೆ ತೂಕ ಜಾಸ್ತಿ. ಅಭ್ಯರ್ಥಿಯನ್ನು ಮನೆಗೆ ಕರೆಸಿ ನೆರೆಹೊರೆಯವರಿಗೆ ಪರಿಚಯಿಸುವ ‘ಹೌಸ್ ಪಾರ್ಟಿ’ ನಡೆಯುವುದು ಇದೇ ನಂಬಿಕೆಯ ಮೇಲೆ. ಇದು ಹೊಸ ತಂತ್ರವೇನಲ್ಲ: 1952ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಸೆನೆಟ್ಟಿಗೆ ನಿಂತ ಜಾನ್ ಕೆನಡಿ ಪರವಾಗಿ ಅವರ ತಾಯಿ, ತಂಗಿಯರು ಊರೂರಲ್ಲಿ ಟೀ ಕೂಟ ನಡೆಸಿದರು. ಎದುರಾಳಿ ಲಾಡ್ಜ್ ಅವರ ಪಕ್ಷದ ಐಸೆನ್‌ಹೋವರ್ ಅಧ್ಯಕ್ಷ ಚುನಾವಣೆಯಲ್ಲಿ ಆ ರಾಜ್ಯವನ್ನು ಗೆದ್ದರೂ, ಲಾಡ್ಜ್ ಮಾತ್ರ ಸುಮಾರು 70,000 ಮತಗಳಿಂದ ಸೋತರು.

ಕರೆಯುವ ಮುನ್ನ ಕಾನೂನು ನೋಡಿಕೊಳ್ಳಿ. ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರು, ವಿದ್ಯಾರ್ಥಿ ವೀಸಾದವರು, ಊರಿಂದ ಬಂದ ಅಪ್ಪ-ಅಮ್ಮ ಕೊಡುವಂತಿಲ್ಲ. ಇದು ಫೆಡರಲ್ ಕಾನೂನು, ಸ್ಕೂಲ್ ಬೋರ್ಡಿನ ಚುನಾವಣೆಗೂ ಅನ್ವಯ. ಅವರು ಸಂಬಳವಿಲ್ಲದೆ ದುಡಿಯಬಹುದು: ಕುರ್ಚಿ ಹಾಕಬಹುದು, ಮನೆಮನೆಗೆ ಹೋಗಿ ಬಾಗಿಲು ತಟ್ಟಬಹುದು. ಆದರೆ ಪಾರ್ಟಿಯ ಖರ್ಚು ಅವರ ಜೇಬಿನಿಂದ ಹೋಗಬಾರದು. ಆತಿಥೇಯರು ತಮ್ಮ ಮನೆಯಲ್ಲಿ ಮಾಡುವ ಖರ್ಚು 500 ಡಾಲರ್ ಒಳಗಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಅದು ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ಆಮಂತ್ರಣದ ಕರಡನ್ನು ಅಭ್ಯರ್ಥಿಯ ಖಜಾಂಚಿಗೆ ತೋರಿಸಿಯೇ ಕಳಿಸಿ.

ಇನ್ನೊಂದು ಎಡವಟ್ಟು ನಮ್ಮವರಲ್ಲಿ ಸಾಮಾನ್ಯ. ಕನ್ನಡ ಸಂಘದ ಇಮೇಲ್ ಪಟ್ಟಿ ಕೈಯಲ್ಲಿದೆ ಎಂದು ಅದಕ್ಕೇ ಕರೆಯೋಲೆ ಹಾಕಿಬಿಡುವುದು. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಅಭ್ಯರ್ಥಿಯ ಪರ ನಿಲ್ಲುವುದನ್ನು 1954ರಿಂದಲೇ ಕಾನೂನು ತಡೆದಿದೆ. ಸಂಘದ ಅಧ್ಯಕ್ಷರು ಸ್ವಂತ ಹೆಸರಲ್ಲಿ ಬರಲಿ. ಸಂಘದ ಪಟ್ಟಿ, ಹಣ, ಹೆಸರು ಯಾವುದೂ ಬೇಡ.

ನವೆಂಬರ್ ಚುನಾವಣೆಗೆ ಸೆಪ್ಟೆಂಬರಿನ ಭಾನುವಾರವೇ ಸರಿ. ಮತದಾನಕ್ಕೆ 29 ದಿನ ಮುಂಚೆಯೇ ಅಂಚೆಯಲ್ಲಿ ಮತಪತ್ರ ಹೊರಡುತ್ತದೆ. ಅಕ್ಟೋಬರ್ ಕೊನೆಗೆ ಕರೆದರೆ ಹಲವರು ಆಗಲೇ ಮತ ಹಾಕಿ ಮುಗಿಸಿರುತ್ತಾರೆ. ಇಪ್ಪತ್ತು ಮಂದಿ ಬೇಕಿದ್ದರೆ ಅರವತ್ತು ಮಂದಿಗೆ ಹೇಳಿ. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದವರು ಬರುತ್ತಾರೆಂದು ನಂಬಬೇಡಿ, ಹಿಂದಿನ ದಿನ ಫೋನ್ ಮಾಡಿ. ಬರೀ ಕನ್ನಡಿಗರನ್ನು ಕರೆದರೂ ಪ್ರಯೋಜನ ಕಡಿಮೆ. ಮಿಲ್ಪಿಟಾಸ್‌ನ ಗೆಳೆಯ ಕೂಪರ್ಟಿನೊ ಅಭ್ಯರ್ಥಿಗೆ ಹಣ ಕೊಡಬಹುದು, ಮತ ಹಾಕಲಾರ. ಮತ ಇರುವುದು ನಿಮ್ಮ ಬೀದಿಯಲ್ಲಿ, ಈವರೆಗೆ ಬರೀ ಕೈಬೀಸಿದ ಚೀನೀ ಅಜ್ಜಿಯ ಮನೆಯಲ್ಲೂ ಎದುರಿನ ಮೆಕ್ಸಿಕನ್ ಕುಟುಂಬದಲ್ಲೂ.

ಊಟ ಹಾಕಬೇಡಿ. ಬಿಸಿಬೇಳೆಬಾತ್ ಮಾಡಿದರೆ ಮನೆಯವರು ಅಡುಗೆಮನೆಯಲ್ಲೇ ಉಳಿದುಬಿಡುತ್ತಾರೆ, ಬಂದವರು ಉಂಡು ಎದ್ದು ಹೋಗುತ್ತಾರೆ. ಸಂಜೆ ನಾಲ್ಕಕ್ಕೆ ಚುರುಮುರಿ, ಕಾಫಿ ಸಾಕು, ಐದೂವರೆಗೆ ಮುಗಿಸಿ. ಬಾಗಿಲ ಬಳಿ ಹೆಸರು, ವಿಳಾಸ, ಫೋನ್ ಬರೆಸುವ ಹಾಳೆಯ ಮುಂದೆ ಒಬ್ಬರನ್ನು ಕೂರಿಸಿ. ಮೊದಲು ನೀವು ಎರಡು ನಿಮಿಷ, ಈ ವ್ಯಕ್ತಿಯನ್ನು ಯಾಕೆ ಬೆಂಬಲಿಸುತ್ತೀರೆಂದು. ಅಭ್ಯರ್ಥಿಗೆ ಹತ್ತು ನಿಮಿಷ. ಉಳಿದದ್ದೆಲ್ಲ ಪ್ರಶ್ನೆಗಳಿಗೆ.

ಆಮೇಲೆ ಹಣ ಕೇಳುವ ಘಳಿಗೆ. ಎಲ್ಲ ಚೆನ್ನಾಗಿ ನಡೆಸಿದ ಮನೆಯವರೂ ಇಲ್ಲಿ ಮೆತ್ತಗಾಗುತ್ತಾರೆ. “ಕೈಲಾದಷ್ಟು ಕೊಡಿ, ಬಲವಂತ ಏನಿಲ್ಲ” ಅಂದಿರೋ, ಎಲ್ಲರೂ ನಿರಾಳವಾಗಿ ಕಾಫಿಯ ಕಡೆ ತಿರುಗುತ್ತಾರೆ. ಮೊತ್ತ ಹೇಳಿ ಕೇಳಬೇಕು: “ನಾವು ನೂರೈವತ್ತು ಡಾಲರ್ ಕೊಟ್ಟಿದ್ದೀವಿ. ನೀವೂ ಅಷ್ಟು ಕೊಡ್ತೀರಾ?” ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ತಡೆಯಲಾರದೆ ನೀವೇ ತಮಾಷೆ ಮಾಡಿ ವಿಷಯ ಹಾರಿಸಬೇಡಿ. ಕೇಳಿದವರಿಗಿಂತ ಕೇಳಿಸಿಕೊಂಡವರಿಗೆ ಮುಜುಗರ ಕಡಿಮೆ ಎಂಬುದು ನನ್ನ ಅನಿಸಿಕೆ.

ಮುಯ್ಯಿಯ ರೂಢಿಯಲ್ಲಿ ಯಾರಾದರೂ ಕವರಿನಲ್ಲಿ 101 ಡಾಲರ್ ನಗದು ಹಾಕಿ ಕೊಟ್ಟರೆ ಕೈಮುಗಿದು ಹಿಂದಿರುಗಿಸಿ. ಕ್ಯಾಲಿಫೋರ್ನಿಯಾದಲ್ಲಿ 100 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ನಗದು ದೇಣಿಗೆಗೆ ಅವಕಾಶವಿಲ್ಲ; ಚೆಕ್ ಬರೆಸಿಕೊಳ್ಳಿ, ಇಲ್ಲವೇ ಫೋನಿನಲ್ಲಿ ಕಟ್ಟಿಸಿ. ಅಷ್ಟು ಮೊತ್ತ ಕೊಟ್ಟವರ ಹೆಸರು, ವಿಳಾಸದ ಜೊತೆ ಉದ್ಯೋಗ ಮತ್ತು ಕೆಲಸದ ಕಂಪನಿಯ ಹೆಸರನ್ನೂ ಬರೆಸಿಕೊಳ್ಳಬೇಕು. ಈ ವಿವರ ಸಾರ್ವಜನಿಕ ದಾಖಲೆಗೆ ಸೇರುತ್ತದೆಂದು ಅಲ್ಲೇ ಹೇಳಿಬಿಡಿ, ಆಮೇಲೆ ಗೊಣಗುವುದು ತಪ್ಪುತ್ತದೆ.

ಹಣ ಕೊಡದವರನ್ನು ಬರಿಗೈಯಲ್ಲಿ ಕಳಿಸಬೇಡಿ. ಮನೆ ಮುಂದೆ ನೆಡಲು ಅಭ್ಯರ್ಥಿಯ ಫಲಕ ಕೊಡಿ, ಶನಿವಾರ ಮನೆಮನೆ ಸುತ್ತಲು ಬರುತ್ತೀರಾ ಎಂದು ಕೇಳಿ ಹೆಸರು ಬರೆದುಕೊಳ್ಳಿ. ಚೆಕ್ಕುಗಳನ್ನೂ ಹಾಳೆಯನ್ನೂ ಮರುದಿನವೇ ಖಜಾಂಚಿಗೆ ಒಪ್ಪಿಸಿ, ಜೊತೆಗೆ ನಿಮ್ಮ ಖರ್ಚಿನ ಬಿಲ್ಲುಗಳನ್ನೂ. ವಾರದೊಳಗೆ ಬೀದಿಯಲ್ಲೊಂದು ಸುತ್ತು ಹಾಕಿ. ಫಲಕ ಒಯ್ದವರ ಗ್ಯಾರೇಜಿನಲ್ಲೇ ಅದು ಉಳಿದಿದ್ದರೆ ನೀವೇ ಸುತ್ತಿಗೆ ಹಿಡಿದು ಹೋಗಿ.