ಓದಿಸಿದ ಲೆಕ್ಕ, ಪಾಲಿನ ಲೆಕ್ಕ

"ನಿನ್ನ ಓದ್ಸಿದ್ದೇ ನಿನ್ ಪಾಲು ಅಂದ್ಕೊಳಪ್ಪ."

ಹಾಸನ ಸೀಮೆಯಲ್ಲಿ ಪಾಲು ಪಾರೀಕತ್ತಿಗೆ ಕೂತ ಜಗಲಿಗಳಲ್ಲಿ ಈ ಮಾತು ಒಂದಲ್ಲ ಒಂದು ಹೊತ್ತಿಗೆ ಬಂದೇ ಬರುತ್ತದೆ. ಹೇಳುವವನು ಸಾಮಾನ್ಯವಾಗಿ ಊರಲ್ಲೇ ಉಳಿದ ಅಣ್ಣ, ಕೇಳಿಸಿಕೊಳ್ಳುವವನು ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದ ತಮ್ಮ. ಹೆಣ್ಣುಮಕ್ಕಳಿದ್ದರೆ ಅವರ ಪಾಲಿಗೆ ಇದೇ ಮಾತು ಬೇರೆ ವೇಷ ಹಾಕಿಕೊಂಡು ಬರುತ್ತದೆ: "ಓದ್ಸಿ, ಮದ್ವೆ ಮಾಡಿ ಕಳ್ಸಿಲ್ವೇನವ್ವ ನಿನ್ನ?" ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ. ಎಲ್ಲರ ಮಾತಿನಲ್ಲೂ ಅಷ್ಟಿಷ್ಟು ನ್ಯಾಯ ಇರುತ್ತದೆ, ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಫೀಜು ಎಷ್ಟು, ಅದು ಆಲೂಗೆಡ್ಡೆ ಮಾರಿದ ದುಡ್ಡೋ, ಅವ್ವನ ಸರ ಅಡ ಇಟ್ಟು ತಂದದ್ದೋ ಯಾರೂ ಬರೆದಿಟ್ಟಿಲ್ಲ.

ಈ ಜಗಳ ಹೊಸದೇನಲ್ಲ. ಗೋಕಲ್ ಚಂದ್ ಮತ್ತು ಹುಕುಂ ಚಂದ್ ನಡುವಿನ ಮೊಕದ್ದಮೆ 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ಒಟ್ಟು ಕುಟುಂಬದ ಹಣದಲ್ಲಿ ವಿಶೇಷ ಶಿಕ್ಷಣ ಪಡೆದು ಐಸಿಎಸ್ ಅಧಿಕಾರಿಯಾದವನ ಗಳಿಕೆಯೂ ಕುಟುಂಬದ ಆಸ್ತಿಯೇ ಎಂದು ತೀರ್ಪಾಯಿತು. ಅಂದರೆ ನಮ್ಮ ಜಗಲಿಯ ಅಣ್ಣ ಅಂದು ಗೆದ್ದಿದ್ದ. ಈ ನಿಯಮ ವಿದ್ಯಾವಂತರಿಗೆ ಕಿರಿಕಿರಿಯಾಗಿ, 1930ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಕಾಯ್ದೆ ಬಂತು. ಫೀಜು ಯಾರೇ ಕಟ್ಟಿರಲಿ, ವಿದ್ಯೆಯಿಂದ ಬಂದ ಗಳಿಕೆ ಓದಿದವನ ಸ್ವಂತದ್ದು ಎಂದಿತು ಆ ಕಾಯ್ದೆ. ನಮ್ಮದು ಆಗ ಮೈಸೂರು ಸಂಸ್ಥಾನ, ಆ ಕಾಯ್ದೆಯ ವ್ಯಾಪ್ತಿಯ ಆಚೆ. ಆದರೆ ಇವತ್ತು ಹಾಸನದ ಕೋರ್ಟಿಗೆ ಹೋದರೂ ತಮ್ಮನ ಸಂಬಳಕ್ಕೆ ಅಣ್ಣ ಕೈ ಹಾಕುವಂತಿಲ್ಲ. ಪಿತ್ರಾರ್ಜಿತದಲ್ಲಿ ಮಾತ್ರ ತಮ್ಮನಿಗೆ ಸಮಪಾಲು ಇದ್ದೇ ಇದೆ. ಓದಿಸಿದ ಖರ್ಚನ್ನು ತಾನಾಗಿ ಪಾಲಿನಲ್ಲಿ ಮುರಿದುಕೊಳ್ಳುವ ಕಾನೂನು ಎಲ್ಲೂ ಇಲ್ಲ.

ಹೆಣ್ಣುಮಕ್ಕಳ ವಿಷಯವೂ ಹಾಗೇ. ಕರ್ನಾಟಕ 1994ರಲ್ಲೇ, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಕಾನೂನಿನ ಕಣ್ಣಲ್ಲಿ ಓದು ಬೇರೆ, ಮದುವೆ ಬೇರೆ, ಪಾಲು ಬೇರೆ. ನಮ್ಮ ಮನೆಗಳಲ್ಲಿ ಮೂರೂ ಕಲಸಿಹೋಗಿವೆ. ಬಿಡಿಸಿ ನೋಡಬೇಕಾದ ಹೊತ್ತು ಪಾರೀಕತ್ತಿನ ದಿನವಲ್ಲ, ಕಾಲೇಜಿಗೆ ಸೇರಿಸುವ ದಿನ.

ಆ ದಿನವಾದರೂ ಎಂಥದ್ದು? ಸಿಇಟಿ ಫಲಿತಾಂಶ ಬಂದು, ಆಪ್ಷನ್ ಎಂಟ್ರಿ ಮುಗಿದು, ಸೀಟು ಸಿಕ್ಕಿ ಫೀಜು ಕಟ್ಟಬೇಕಾದದ್ದು ಮಳೆಗಾಲದ ನಡುವೆ. ಹಾಸನದ ಆಲೂಗೆಡ್ಡೆ ಮುಂಗಾರಿಗೆ ಬಿತ್ತಿದ್ದು ಇನ್ನೂ ನೆಲದಲ್ಲಿರುತ್ತದೆ. ಅಂಗಮಾರಿ ಬಿದ್ದರೆ ಅದೂ ಇಲ್ಲ. ಅರಕಲಗೂಡಿನ ಹೊಗೆಸೊಪ್ಪು ರಾಮನಾಥಪುರದ ಹರಾಜು ಕಟ್ಟೆಗೆ ಬರುವುದು ಮಳೆ ಹಿಂದಾದ ಮೇಲೆ. ಶುಂಠಿ ಕೀಳುವುದು ಇನ್ನೂ ಆಚೆಗೆ. ಚನ್ನರಾಯಪಟ್ಟಣದ ತೆಂಗಿನವರು ಒಂದಿಷ್ಟು ವಾಸಿ, ಕಾಯಿ ವರ್ಷವಿಡೀ ಬರುತ್ತದೆ. ಉಳಿದವರಿಗೆ ಫೀಜಿನ ಕೊನೇ ದಿನ ಮೊದಲು, ಫಸಲಿನ ದುಡ್ಡು ಆಮೇಲೆ. ಆ ನಡುವಿನ ನಾಲ್ಕು ತಿಂಗಳಿಗೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಲ್ಲಿ ಲಕ್ಷ ಕೈಸಾಲ ತಂದರೆ ಬಡ್ಡಿಯೇ ಹನ್ನೆರಡು ಸಾವಿರ. ಸೊಸೈಟಿಯ ಬೆಳೆಸಾಲ ಬಡ್ಡಿಯಿಲ್ಲದ್ದು ಅಂತ ಅದನ್ನೇ ಫೀಜಿಗೆ ತಿರುಗಿಸಿ, ಗೊಬ್ಬರಕ್ಕೆ ಮತ್ತೆ ಕೈಸಾಲ ಮಾಡುವವರೂ ಇದ್ದಾರೆ. ಓದಿನ ಖರ್ಚು ಎಂದು ಯಾರಾದರೂ ಲೆಕ್ಕ ಹೇಳುವಾಗ ಈ ಬಡ್ಡಿ ಅದರಲ್ಲಿ ಸೇರಿರುವುದಿಲ್ಲ.

ಸೇರದೇ ಉಳಿಯುವ ಇನ್ನೊಂದು ಬಾಬತ್ತು ಅಣ್ಣನ ಮೈಕೆಲಸ. ಅರಕಲಗೂಡು ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ: ಮೂರು ಎಕರೆ, ಹೊಗೆಸೊಪ್ಪು ಹದ ಮಾಡುವ ಒಂದು ಬ್ಯಾರನ್, ಮೂವರು ಮಕ್ಕಳು. ದೊಡ್ಡವನು ಪಿಯುಸಿಗೆ ನಿಲ್ಲಿಸಿ ಹೊಲಕ್ಕಿಳಿದಿದ್ದಾನೆ. ಸೊಪ್ಪು ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಕಾವು ಇಳಿದರೆ ಸೊಪ್ಪು ಕಂದುತ್ತದೆ, ಏರಿದರೆ ಸುಟ್ಟೇ ಹೋಗುತ್ತದೆ. ಬಣ್ಣ ಕೆಟ್ಟರೆ ಹರಾಜಿನಲ್ಲಿ ಗ್ರೇಡು ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಸೌದೆ ಒಟ್ಟಿ, ಟಾರ್ಚು ಬಿಟ್ಟು ಥರ್ಮಾಮೀಟರ್ ನೋಡುವವನು ಅಣ್ಣ. ಹಾಸ್ಟೆಲ್ಲಿನಲ್ಲಿ ಸೆಮಿಸ್ಟರ್ ಪರೀಕ್ಷೆಗೆ ಎದ್ದು ಕೂತಿರುವವನು ತಮ್ಮ. ಇಬ್ಬರ ನಿದ್ದೆಯೂ ಕೆಟ್ಟಿದೆ, ಒಬ್ಬನದಕ್ಕೆ ಮಾತ್ರ ಮಾರ್ಕ್ಸ್ ಕಾರ್ಡ್ ಬರುತ್ತದೆ.

ಇಲ್ಲಿ ಅಪ್ಪ ಮಾಡಬಹುದಾದ ನ್ಯಾಯ ದೊಡ್ಡದೇನಲ್ಲ. ಹೊಲದಲ್ಲಿ ದುಡಿಯುವ ಮಗನ ಹೆಸರಿಗೆ ಬ್ಯಾಂಕ್ ಖಾತೆ ತೆರೆದು, ಫಸಲು ಮಾರಿದಾಗಲೆಲ್ಲ ಇಷ್ಟು ಅಂತ ಅವನ ಕೂಲಿಯನ್ನು ಅದಕ್ಕೆ ಹಾಕಬೇಕು. "ಮನೆ ಮಗನಿಗೆ ಎಂಥ ಕೂಲಿ" ಅನ್ನುವವರಿದ್ದಾರೆ. ಅವರೇ ನಾಳೆ ಅವನ ಬಾಯಲ್ಲಿ ಜಗಲಿಯ ಆ ಮಾತು ಬಂದಾಗ ತಲೆ ತಗ್ಗಿಸಿ ಕೂರುವವರು.

ಓದುವ ಮಕ್ಕಳ ನಡುವೆ ನ್ಯಾಯ ಎಂದರೆ ಸಮ ಮೊತ್ತ ಅಂತ ನನಗನ್ನಿಸುವುದಿಲ್ಲ. ಒಬ್ಬಳಿಗೆ ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ಕಾರಿ ಸೀಟು ಸಿಕ್ಕರೆ, ಇನ್ನೊಬ್ಬನಿಗೆ ಮನೆಯ ಹತ್ತಿರದ ಪದವಿ ಕಾಲೇಜೇ ಸಾಕಾದರೆ ಇಬ್ಬರಿಗೂ ಒಂದೇ ಲೆಕ್ಕ ಹಾಕಿ ಏನು ಪ್ರಯೋಜನ? ಮೊತ್ತ ಬೇರೆಯಾಗಲಿ, ನಿಯಮ ಒಂದೇ ಇರಲಿ. ಉದಾಹರಣೆಗೆ, ಮೆರಿಟ್ ಸೀಟಿನ ಫೀಜು, ಹಾಸ್ಟೆಲ್ಲು, ಪುಸ್ತಕ ಮನೆಯ ಹೊಣೆ. ಅದರ ಮೇಲೆ ಬಿದ್ದದ್ದು ಓದುವವರ ಹೆಸರಿನ ಸಾಲ. ಗಂಡಿಗೂ ಇದೇ, ಹೆಣ್ಣಿಗೂ ಇದೇ, ಮೊದಲ ಮಗುವಿಗೂ ಕೊನೆಯದಕ್ಕೂ ಇದೇ. ಮೊದಲನೆಯವನ ಮ್ಯಾನೇಜ್‌ಮೆಂಟ್ ಸೀಟಿಗೆ ಇದ್ದದ್ದೆಲ್ಲ ಸುರಿದು, ಮೂರನೆಯವಳು ಒಳ್ಳೆಯ ರ‍್ಯಾಂಕು ತಂದಾಗ "ದುಡ್ಡಿಲ್ಲ ಕಣವ್ವ" ಅನ್ನುವುದು ಕಂಡು ಕೇಳಿದ ಸಂಗತಿ. ಆ ಸೀಟಿಗೆ ಪಿತ್ರಾರ್ಜಿತ ಜಮೀನು ಮಾರಿದ್ದರಂತೂ ಅಪ್ಪ ಮಾರಿದ್ದು ತನ್ನ ಪಾಲನ್ನಷ್ಟೇ ಅಲ್ಲ, ಉಳಿದಿಬ್ಬರು ಹುಟ್ಟುತ್ತಲೇ ಪಡೆದ ಪಾಲನ್ನೂ. ಹಾಗೆ ಮಾರುವ ಮನೆ ಅದನ್ನು ಓದಿದವನ ಪಾಲಿಗೆ ಮುಂಗಡ ಅಂತ ಬರೆದಿಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಬರುವುದು ಕೆಟ್ಟ ಮನಸ್ಸಿನಿಂದಲ್ಲ, ಅಗ್ಗದ ದಾರಿಯಿಂದ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಬೆಳಗಿನ ಹೊತ್ತು ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಬ್ಯಾಗು ತಬ್ಬಿಕೊಂಡು ನಿಂತ ಹುಡುಗಿಯರನ್ನು ನೋಡಿದರೆ ಅದರ ಉಪಕಾರ ಏನೆಂದು ತಿಳಿಯುತ್ತದೆ. ಆದರೆ ಅದೇ ಫ್ರೀ ಟಿಕೆಟ್ಟು ಮನೆಯೊಳಗೆ ಇನ್ನೊಂದು ತೀರ್ಮಾನವನ್ನೂ ಮಾಡಿಸುತ್ತದೆ: ಅವಳು ಬಸ್ಸಲ್ಲಿ ಓಡಾಡಿ ಬಿಎಸ್ಸಿ ಮಾಡಲಿ, ಅವನು ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಇಂಜಿನಿಯರಿಂಗ್ ಮಾಡಲಿ. ಹೊಳೆನರಸೀಪುರದ ಗೃಹವಿಜ್ಞಾನ ಕಾಲೇಜಾಗಲಿ, ಮೈಸೂರು ವಿವಿಯ ಹೇಮಗಂಗೋತ್ರಿ ಕೇಂದ್ರವಾಗಿದ್ದು 2023ರಲ್ಲಿ ಸ್ವತಂತ್ರವಾದ ಹಾಸನ ವಿಶ್ವವಿದ್ಯಾಲಯವಾಗಲಿ ಹತ್ತಿರವಿರುವುದು ನಿಜಕ್ಕೂ ದೊಡ್ಡ ಅನುಕೂಲ. 2025ರಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಎದ್ದಾಗ ಮೊದಲು ದಿಗಿಲಾದದ್ದು ಇಂಥ ಮನೆಗಳಿಗೇ. ಹುಡುಗಿ ತಾನೇ ಬಯಸಿ ಹತ್ತಿರದ ಕಾಲೇಜು ಆರಿಸಿಕೊಂಡರೆ ಸರಿ, ಉಳಿತಾಯಕ್ಕೆಂದು ಅವಳನ್ನೇ ಆರಿಸಿದರೆ ಆ ಉಳಿತಾಯ ಅವಳ ಹೆಸರಿಗೆ ಜಮಾ ಆಗಬೇಕು.

ಸರ್ಕಾರ ಈ ವಿಷಯದಲ್ಲಿ ಮನೆಗಿಂತ ಒಂದು ಹೆಜ್ಜೆ ಮುಂದಿದೆ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಲ್ಲಿ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ಇಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ಎಂದು ಗೊತ್ತು ಮಾಡಿದ್ದರು. ಹುಡುಗಿಯರಿಗೆ ಹೆಚ್ಚಿಗೆ ಕೊಟ್ಟದ್ದು ಚಿಲ್ಲರೆ ಮೊತ್ತ, ಆದರೂ ತಕ್ಕಡಿ ಯಾವ ಕಡೆ ವಾಲಿಸಿದರು ನೋಡಿ. ಅಪ್ಪ-ಅಮ್ಮ ಬೇರೆಯಾದ ಕುಟುಂಬವೊಂದರ ಪ್ರಕರಣದಲ್ಲಿ, 2025ರ ಜನವರಿಯಲ್ಲಿ ಬೆಳಕಿಗೆ ಬಂದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಓದಿನ ಖರ್ಚನ್ನು ಹೆತ್ತವರಿಂದ ಪಡೆಯುವುದು ಮಗಳ ಹಕ್ಕು, ಅವರು ತಮ್ಮ ಶಕ್ತಿಯ ಮಿತಿಯಲ್ಲಿ ಕೊಡಲೇಬೇಕು ಎಂದಿತು.

ಕಾದಂಬರಿಕಾರ ಭೈರಪ್ಪನವರ ಹೆಸರನ್ನು ಇಲ್ಲಿ ತಾರದೇ ಇರಲಾಗದು, ಏಕೆಂದರೆ ಚನ್ನರಾಯಪಟ್ಟಣದ ಅಪ್ಪಂದಿರು ಅದನ್ನು ತಂದೇ ತರುತ್ತಾರೆ. ಆ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ವಾರಾನ್ನ ಉಂಡು, ಸಣ್ಣಪುಟ್ಟ ಕೆಲಸ ಮಾಡಿ ಓದಿದ ಕಥೆಯನ್ನು ಅವರೇ ಆತ್ಮಕಥೆ 'ಭಿತ್ತಿ'ಯಲ್ಲಿ ಬರೆದಿದ್ದಾರೆ. "ಅವ್ರು ಓದ್ಲಿಲ್ವಾ ಹಂಗೆ?" ಎಂದು ಮಗನನ್ನು ಗದರಿಸುವುದು ಸುಲಭ. ಆದರೆ ಆ ಕಾಲದಲ್ಲಿ ಹೊಟ್ಟೆಗೆ ಹಿಟ್ಟು ಹೊಂಚಿಕೊಂಡರೆ ಅರ್ಧ ಕಷ್ಟ ಕಳೆಯುತ್ತಿತ್ತು, ಇಂದು ಊಟವೇ ಖರ್ಚಿನ ಸಣ್ಣ ಭಾಗ. ವಾರಾನ್ನದ ಮನೆಗಳ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು ಎಂಬುದೂ ನೆನಪಿರಲಿ. ಇಂದು ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಬರುತ್ತದಲ್ಲ, ಅದೇ ಆ ಜಾಗ ತುಂಬಬೇಕಾದದ್ದು.

ಇನ್ನು ಸಾಲ. ನಮ್ಮ ಕಡೆ "ಮಕ್ಕಳ ತಲೆ ಮೇಲೆ ಸಾಲ ಹೊರಿಸಬಾರದು" ಅಂತ ಅಪ್ಪ ತಾನೇ ಹೊತ್ತುಕೊಳ್ಳುವ ರೂಢಿ. ಒಳ್ಳೆಯ ಮಾತು, ಕೆಟ್ಟ ಲೆಕ್ಕ. ಬ್ಯಾಂಕಿನ ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ, ಮನೆಯ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಉಂಟು. ದೇವರಾಜ ಅರಸು ನಿಗಮದ ಅರಿವು ಸಾಲಕ್ಕೆ ಬಡ್ಡಿ ಶೇ 2 ಮಾತ್ರ. ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೂ ಇವಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದರು, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಓದುವಾಗ ಬಡ್ಡಿಯನ್ನೂ ಕಟ್ಟದೆ ಬಿಟ್ಟರೆ ಕಂತು ಶುರುವಾಗುವ ಹೊತ್ತಿಗೆ ಬಾಕಿ 5 ಲಕ್ಷ 40 ಸಾವಿರ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 7,100 ರೂಪಾಯಿ. ಬಡ್ಡಿಯನ್ನು ಆಗಾಗ ಕಟ್ಟುತ್ತ ಹೋದರೆ ಬಾಕಿ ನಾಲ್ಕೇ ಲಕ್ಷ, ಕಂತು ಸುಮಾರು 5,300. ಹಾಗೆ ಕಟ್ಟಬೇಕಾದದ್ದು ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ಕೊನೆಗೆ 3,333. ಡೈರಿಗೆ ಹಾಲು ಹಾಕುವ ಮನೆಗೆ ಮೊದಲೆರಡು ವರ್ಷದ ಬಡ್ಡಿ ಬಟವಾಡೆಯ ದುಡ್ಡಿನಲ್ಲಿ ಹೋಗುತ್ತದೆ. ಓದುವಾಗಿನ ಬಡ್ಡಿ ಮನೆಯದು, ಅಸಲು ಓದಿದವರದು: ಹಂಚಿಕೊಳ್ಳಲು ಇದಕ್ಕಿಂತ ಸರಳವಾದ ಗೆರೆ ನನಗೆ ಕಂಡಿಲ್ಲ. ಆ ಬಟವಾಡೆ ಬಹುಪಾಲು ಅವ್ವನ ದುಡಿಮೆ, ಆದ್ದರಿಂದ ಪುಸ್ತಕದಲ್ಲಿ ಅವಳ ಹೆಸರಿನಲ್ಲೇ ಬರೆಯಬೇಕು.

ಪುಸ್ತಕ ಎಂದರೆ ಇನ್ನೇನಲ್ಲ, ಅಂಗಡಿಯ ಉದ್ದ ನೋಟ್‌ಬುಕ್ಕು. ಒಬ್ಬೊಬ್ಬ ಮಗುವಿಗೆ ಒಂದು ಹಾಳೆ. ಕೊಟ್ಟದ್ದು ಎಷ್ಟು, ಯಾವ ಮೂಲದಿಂದ, ಅದು ಹೆತ್ತವರ ಕರ್ತವ್ಯದ ಖರ್ಚೋ, ಸಾಲವೋ, ಪಾಲಿನ ಮುಂಗಡವೋ. ಹೊಲದಲ್ಲಿ ದುಡಿದ ಮಗನಿಗೂ ಒಂದು ಹಾಳೆ. ವರ್ಷಕ್ಕೊಮ್ಮೆ, ಗೌರಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಓದಿ ಹೇಳಿ ಸಹಿ ಹಾಕಿಸಿಕೊಂಡರೆ ಸಾಕು. ಇದಕ್ಕೆ ಕೋರ್ಟಿನಲ್ಲಿ ವಿಭಾಗ ಪತ್ರದ ತೂಕ ಇರುವುದಿಲ್ಲ. ಮನೆಯಲ್ಲಿ ಬಾಯಿಮಾತಿಗಿಂತ ಹೆಚ್ಚಿನ ತೂಕ ಖಂಡಿತ ಇರುತ್ತದೆ.

ಇದರ ಜೊತೆಗೆ ಮಾಡಬೇಕಾದ ಒಂದು ಕೆಲಸ ತಾಲ್ಲೂಕು ಕಚೇರಿಯಲ್ಲಿದೆ. ರೈತ ವಿದ್ಯಾನಿಧಿಯಂಥ ಸೌಲಭ್ಯ ಸಿಗುವುದು ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರಿರುವ ರೈತರ ಮಕ್ಕಳಿಗೆ. ಆ ನೋಂದಣಿಗೆ ಪಹಣಿ ಬೇಕು, ಆದರೆ ಎಷ್ಟೋ ಮನೆಗಳಲ್ಲಿ ತಾತ ತೀರಿಕೊಂಡು ವರ್ಷಗಳಾದರೂ ಪಹಣಿ ಅವರ ಹೆಸರಲ್ಲೇ ಇದೆ. ಪಾಲಿನ ಮಾತು ಎತ್ತಲು ಅಣ್ಣತಮ್ಮಂದಿರು ಹೆದರಿ ಪೌತಿ ಖಾತೆಯನ್ನೂ ಮುಂದೂಡುತ್ತಾ ಬಂದಿದ್ದಾರೆ. ಖಾತೆ ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಸ್ಕಾಲರ್‌ಶಿಪ್ ಅರ್ಜಿಯ ದಿನಾಂಕ ಅದಕ್ಕಾಗಿ ಕಾಯುವುದಿಲ್ಲ. ಮಗಳು ಎಸ್ಸೆಸ್ಸೆಲ್ಸಿಯಲ್ಲಿರುವಾಗಲೇ ಪೌತಿ ಖಾತೆಗೆ ಬೇಕಾದ ವಂಶವೃಕ್ಷಕ್ಕೆ ಅರ್ಜಿ ಹಾಕಿಬಿಡಿ.