ಸಣ್ಣ ಕಾಲೇಜೊಂದರ ದೊಡ್ಡ ಹಂಗಾಮು

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದುಂಡನೆಯ ಚೆಂಡು. ಗೋಲ್ ಕಾಯುವವನೊಬ್ಬನ ಹೊರತು ಮಿಕ್ಕವರು ಅದನ್ನು ಕೈಯಿಂದ ಮುಟ್ಟಕೂಡದು. ಅಮೆರಿಕಾದವರು ಇದೇ ಹೆಸರಿನಿಂದ ಕರೆಯುವ ಆಟವಾದರೋ ಬೇರೆಯೇ ಜಾತಿಯದು. ಅಲ್ಲಿಯ ಚೆಂಡಿಗೆ ಎರಡು ಕಡೆಯೂ ಚೂಪಾದ ತುದಿಗಳಿವೆ. ಅದನ್ನು ಒದೆಯುವುದಕ್ಕಿಂತ ಬಗಲಲ್ಲಿ ಅವಚಿಕೊಂಡು ಓಡುವುದೇ ಹೆಚ್ಚು. ಮೈದಾನದ ಉದ್ದ, ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ, 100 ಗಜ. ಚೆಂಡು ಯಾರ ವಶದಲ್ಲಿದೆಯೋ ಆ ಪಕ್ಷದವರು ನಾಲ್ಕು ಪ್ರಯತ್ನಗಳೊಳಗಾಗಿ 10 ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ. ಇಲ್ಲದಿದ್ದರೆ ಚೆಂಡು ಎದುರಾಳಿಗಳ ಪಾಲು. ಓಡುವವನನ್ನು ಹಿಡಿದು ಕೆಡವುವುದು ಎದುರಾಳಿಗಳ ಕೆಲಸ. ನಮ್ಮ ಚಡುಗುಡುವನ್ನು ಕಂಡವರಿಗೆ ಈ ಹಿಡಿತದ ರಸವನ್ನು ವಿವರಿಸಬೇಕಾಗಿಲ್ಲ. ಗೋಲ್ ಗೆರೆಯನ್ನು ದಾಟಿದರೆ 6 ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದು ಇನ್ನೊಂದು ಅಂಕವನ್ನು ಪಡೆಯಲು ಅವಕಾಶ. ಓಡದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ 3 ಅಂಕ.

ಇಷ್ಟನ್ನು ತಿಳಿದುಕೊಂಡರೆ, ಆ ದೇಶದಲ್ಲಿ ಇಂದಿಗೂ ನೆನೆಯುವ ಒಂದು ಹಂಗಾಮಿನ ಕಥೆಯನ್ನು ಅರಿಯಲು ಸಾಕು. ಅದು 1921ನೆಯ ವರ್ಷದ್ದು. ಕಾಲೇಜಿನ ಹೆಸರು ಸೆಂಟರ್ ಕಾಲೇಜು.

ಕೆಂಟಕಿ ಸಂಸ್ಥಾನದ ಡ್ಯಾನ್ವಿಲ್ ಎಂಬ ಚಿಕ್ಕ ಊರಿನಲ್ಲಿ, ಪ್ರೆಸ್ಬಿಟೇರಿಯನ್ ಪಂಥದವರ ಆಶ್ರಯದಲ್ಲಿ, 1819ರಲ್ಲಿ ಈ ಕಾಲೇಜು ಸ್ಥಾಪಿತವಾಯಿತು. ನಾವು ಹೇಳುತ್ತಿರುವ ಕಾಲದಲ್ಲಿ ಅಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 300. ಇನ್ನೊಂದು ಕಡೆ ಹಾರ್ವರ್ಡ್: 1636ರಲ್ಲಿ ಹುಟ್ಟಿದ ವಿದ್ಯಾಪೀಠ, 1903ರಿಂದ ಕಾಂಕ್ರೀಟಿನ ಮಹಾ ಕ್ರೀಡಾಂಗಣವುಳ್ಳದ್ದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಎಂಬ ಈ ಮೂರು ಹೆಸರುಗಳು ಆ ಆಟದ ಕುಲೀನ ಮನೆತನಗಳಂತಿದ್ದವು. 1919 ಮತ್ತು 1920ರ ಹಂಗಾಮುಗಳಲ್ಲಿ ಹಾರ್ವರ್ಡ್ ಒಂದು ಪಂದ್ಯವನ್ನೂ ಸೋತಿರಲಿಲ್ಲ.

ಇಂತಹ ಅಸಮಾನರು ಒಂದೇ ಮೈದಾನಕ್ಕೆ ಇಳಿದದ್ದು ಹೇಗೆ? ಇದಕ್ಕೆ ಮೊದಲ ಕಾರಣ ಆಟದ ನಿಯಮದಲ್ಲಿಯೇ ಇದೆ. ಅಂದು ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವುದಕ್ಕೆ ಕಟ್ಟುನಿಟ್ಟಾದ ಮಿತಿಯಿದ್ದಿತು. ಆದ್ದರಿಂದ ದಾಳಿ ಮಾಡುವ ಹನ್ನೊಂದು ಮಂದಿಯೇ ತಡೆಯುವ ಹನ್ನೊಂದು ಮಂದಿಯೂ ಆಗಬೇಕಾಗಿತ್ತು. ಒಳ್ಳೆಯ ಹನ್ನೊಂದು ಜನರನ್ನು ಒದಗಿಸಿಕೊಳ್ಳಬಲ್ಲ ಕಾಲೇಜು, ಸಾವಿರಾರು ಜನರಿರುವ ವಿದ್ಯಾಪೀಠದ ಎದುರು ನಿಲ್ಲುವುದು ಅಸಾಧ್ಯವೇನಾಗಿರಲಿಲ್ಲ.

ಎರಡನೆಯ ಕಾರಣ, ಆ ಹನ್ನೊಂದು ಮಂದಿಯನ್ನು ಒದಗಿಸಿಕೊಂಡ ಬಗೆ. ಸೆಂಟರ್ ಕಾಲೇಜಿನ ಹಳೆಯ ವಿದ್ಯಾರ್ಥಿಯಾದ ರಾಬರ್ಟ್ ಮೈಯರ್ಸ್ ಎಂಬವರು ಟೆಕ್ಸಾಸಿನ ಫೋರ್ಟ್ ವರ್ತ್ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದರು. ತಮ್ಮ ಕೈಯಲ್ಲಿ ಪಳಗಿದ ಹುಡುಗರಲ್ಲಿ ಕೆಲವರನ್ನು ಅವರು ತಮ್ಮ ಕಾಲೇಜಿನ ದಾರಿಗೆ ತಂದರು. ಅವರಲ್ಲಿ ಪ್ರಮುಖನಾದವನು ಆಲ್ವಿನ್ ಮೆಕ್‌ಮಿಲಿನ್. ಜನ ಅವನನ್ನು ಕರೆದದ್ದು ‘ಬೋ’ ಎಂದು. ಕಾಲೇಜಿನ ಪ್ರವೇಶಕ್ಕೆ ಓದು ಸಾಲದಿದ್ದುದರಿಂದ ಅವನು ಮೊದಲು ಕೆಂಟಕಿಯ ಸಾಮರ್ಸೆಟ್ ಊರಿನ ಶಾಲೆಯಲ್ಲಿ ಕಲಿಯಬೇಕಾಯಿತು. ಮೈಯರ್ಸ್ 1917ರಲ್ಲಿ ಕಾಲೇಜಿನ ಶಿಕ್ಷಕರಾಗಿ ಬಂದು, ಬೇಗನೆ ಆ ಹೊಣೆಯನ್ನು ಚಾರ್ಲಿ ಮೋರನ್ ಎಂಬವರಿಗೆ ಒಪ್ಪಿಸಿದರು. ಈ ಮೋರನ್ ಬೇಸಿಗೆಯಲ್ಲಿ ಬೇಸ್‌ಬಾಲ್ ಪಂದ್ಯಗಳ ತೀರ್ಪುಗಾರ, ಚಳಿಗಾಲ ಸಮೀಪಿಸಿದಾಗ ಫುಟ್‌ಬಾಲಿನ ಗುರು. 1919ರಲ್ಲಿ ಸೆಂಟರ್ ತಂಡ ಆಡಿದ ಒಂಬತ್ತನ್ನೂ ಗೆದ್ದಿತು. ಪಂದ್ಯಕ್ಕೆ ಮೊದಲು ಆಟಗಾರರು ಕೂಡಿ ಪ್ರಾರ್ಥನೆ ಮಾಡುತ್ತಿದ್ದುದರಿಂದ, ಕರ್ನಲ್‌ಗಳು ಎಂದು ಹೆಸರಾಗಿದ್ದ ಆ ತಂಡವನ್ನು ಪತ್ರಿಕೆಯವರು ‘ಪ್ರಾರ್ಥಿಸುವ ಕರ್ನಲ್‌ಗಳು’ ಎಂದು ಕರೆದರು.

1920ರಲ್ಲಿ ಹಾರ್ವರ್ಡಿನಿಂದ ಕರೆ ಬಂದಿತು. ಅರ್ಧ ಆಟ ಮುಗಿಯುವ ವೇಳೆಗೆ ಉಭಯರದೂ 14 ಅಂಕ. ಆದರೆ ಉತ್ತರಾರ್ಧದಲ್ಲಿ ಸೆಂಟರ್ ಒಂದು ಅಂಕವನ್ನೂ ಗಳಿಸಲಾರದೆ ಹೋಯಿತು. ಹಾರ್ವರ್ಡ್ 31–14ರಿಂದ ಗೆದ್ದಿತು. ಸಣ್ಣ ಕಾಲೇಜು ಒಂದು ಗಂಟೆಯ ಮಟ್ಟಿಗೆ ದೊಡ್ಡದನ್ನು ಸರಿಗಟ್ಟಬಹುದು, ಕೊನೆಯವರೆಗೂ ಸಾಧ್ಯವಿಲ್ಲ ಎಂದು ಲೋಕ ತೀರ್ಮಾನಿಸಿಕೊಳ್ಳಲು ಇಷ್ಟು ಸಾಕಾಗಿತ್ತು.

ಮರುವರ್ಷದ ಹಂಗಾಮು ಈ ತೀರ್ಮಾನಕ್ಕೆ ಉತ್ತರ. ಕ್ಲೆಮ್ಸನ್ ಮತ್ತು ವರ್ಜೀನಿಯಾ ಪಾಲಿಟೆಕ್ನಿಕ್ ತಂಡಗಳ ಮೇಲೆ ತಲಾ 14–0. ಸೇಂಟ್ ಝೇವಿಯರ್ ಮೇಲೆ 28–6. ನೆರೆಯ ಟ್ರಾನ್ಸಿಲ್ವೇನಿಯಾ ಕಾಲೇಜಿನ ಮೇಲೆ 98–0. ಅಕ್ಟೋಬರ್ 29ರಂದು ತಂಡ ಮತ್ತೆ ಹಾರ್ವರ್ಡಿನ ಕ್ರೀಡಾಂಗಣದಲ್ಲಿ ನಿಂತಿತು. ನೆರೆದಿದ್ದ ಪ್ರೇಕ್ಷಕರು 40 ಸಾವಿರಕ್ಕೂ ಮಿಕ್ಕಿದ್ದರು. ಪೂರ್ವಾರ್ಧದಲ್ಲಿ ಯಾರಿಗೂ ಅಂಕವಿಲ್ಲ. ಉತ್ತರಾರ್ಧ ತೊಡಗಿದ ಸ್ವಲ್ಪ ಹೊತ್ತಿನಲ್ಲಿಯೇ ಮೆಕ್‌ಮಿಲಿನ್ ಚೆಂಡನ್ನು ಹಿಡಿದು ಬಲಗಡೆಗೆ ಹೊರಟು, ಮೈಮೇಲೆ ಬಂದವರನ್ನು ನುಣುಚಿ ಒಳಗೆ ತಿರುಗಿ, 32 ಗಜ ಓಡಿ ಗೆರೆಯನ್ನು ದಾಟಿದನು. ಹೆಚ್ಚಿನ ಒಂದಂಕದ ಪ್ರಯತ್ನ ವಿಫಲವಾಯಿತು. ಅಲ್ಲಿಂದ ಮುಂದೆ ಉಳಿದ ಆಟವೆಲ್ಲ ಆ 6 ಅಂಕಗಳ ಕಾವಲು. ಹಿಂದಿನ ವರ್ಷ ಯಾವ ಉತ್ತರಾರ್ಧದಲ್ಲಿ ಕುಸಿದಿದ್ದರೋ ಅದೇ ಉತ್ತರಾರ್ಧದಲ್ಲಿ ಈ ಸಲ ಗೋಡೆಯಾಗಿ ನಿಂತರು. 6–0ರಲ್ಲಿ ಆಟ ಮುಗಿಯಿತು. ಅಮೆರಿಕಾದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ 1950ರಲ್ಲಿ ಅರ್ಧ ಶತಮಾನದ ಆಟವನ್ನು ಅಳೆದಾಗ, ಫುಟ್‌ಬಾಲಿನ ಅತ್ಯಂತ ಅನಿರೀಕ್ಷಿತ ಫಲಿತಾಂಶವೆಂದು ಆರಿಸಿದ್ದು ಇದನ್ನೇ.

ಇಂತಹ ಗೆಲವಿನ ಮಾರನೆಯ ವಾರವೇ ಅಮಲಿನಲ್ಲಿ ಎಡವುವ ತಂಡಗಳು ಬಹಳ. ಇವರು ಎಡವಲಿಲ್ಲ. ಕೆಂಟಕಿ ವಿಶ್ವವಿದ್ಯಾನಿಲಯದ ಮೇಲೆ 55, ಆಬರ್ನ್ ಮೇಲೆ 21, ವಾಷಿಂಗ್ಟನ್ ಮತ್ತು ಲೀ ಮೇಲೆ 25, ಟುಲೇನ್ ಮೇಲೆ 21. ಎದುರಾಳಿಗಳಿಗೆ ಎಲ್ಲ ಕಡೆಯೂ ಸೊನ್ನೆ. ಒಂಬತ್ತು ಪಂದ್ಯಗಳಲ್ಲಿ ಗಳಿಸಿದ್ದು 282 ಅಂಕ, ಕೊಟ್ಟದ್ದು ಬರಿಯ 6.

ನಿಲ್ಲಬಹುದಾಗಿದ್ದದ್ದು ಅಲ್ಲಿ. ಆದರೆ ಕೀರ್ತಿ ನಿಲ್ಲಗೊಡಲಿಲ್ಲ. ಡಿಸೆಂಬರ್ 26ರಂದು ದೂರದ ಸ್ಯಾನ್ ಡಿಯಾಗೋದಲ್ಲಿ ಅರಿಜೋನ ತಂಡವನ್ನು 38–0ರಿಂದ ಸೋಲಿಸಿ, ಒಂದು ವಾರದೊಳಗೆ, 1922ನೆಯ ಜನವರಿ 2ರಂದು, ಟೆಕ್ಸಾಸಿನ ಡಲ್ಲಾಸಿನಲ್ಲಿ ಟೆಕ್ಸಾಸ್ ಎ. ಅಂಡ್ ಎಂ. ಕಾಲೇಜನ್ನು ಎದುರಿಸಿದರು. ಅಂದು ಬೆಳಿಗ್ಗೆಯೇ ಮೆಕ್‌ಮಿಲಿನ್‌ನ ವಿವಾಹವೂ ನಡೆದಿತ್ತು. ಟೆಕ್ಸಾಸಿನವರಲ್ಲಿ ಗಾಯಗೊಂಡವರು ಹೆಚ್ಚಾಗಿ, ಪತ್ರಿಕೆಯವರ ಕಟ್ಟೆಯಲ್ಲಿ ನೆರವಾಗುತ್ತಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕರೆದು, ಆಟದ ಉಡುಪು ತೊಡಿಸಿ, ಅಂಚಿನಲ್ಲಿ ಸಿದ್ಧವಾಗಿ ನಿಲ್ಲಿಸಿದರು. ಅವನು ಆಡಬೇಕಾಗಿ ಬರಲಿಲ್ಲ. ಆ ಕಾಲೇಜಿನವರು ಮಾತ್ರ ಇಂದಿಗೂ ‘ಹನ್ನೆರಡನೆಯವನು’ ಎಂದು ಅವನನ್ನು ಸ್ಮರಿಸಿ, ಪಂದ್ಯದುದ್ದಕ್ಕೂ ನಿಂತೇ ನೋಡುತ್ತಾರೆ. ಸೆಂಟರ್ 22–14ರಿಂದ ಸೋತಿತು. ಹಂಗಾಮಿನ ಏಕೈಕ ಸೋಲು ಇದು.

ಇಲ್ಲಿ ಕಾಲೇಜುಗಳೊಡನೆ ಸಂಬಂಧವುಳ್ಳ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹಾರ್ವರ್ಡನ್ನು ಗೆದ್ದದ್ದು ಕಾಲೇಜೋ, ಅಥವಾ ಆಟಕ್ಕಾಗಿಯೇ ಬರಮಾಡಿಕೊಂಡ ಕೆಲವು ಹುಡುಗರೋ? ಆಟಗಾರರನ್ನು ಹುಡುಕಿ ತಂದು ಪೋಷಿಸುವ ಪದ್ಧತಿ ಅಂದು ಸೆಂಟರಿಗೆ ಮಾತ್ರ ಸೇರಿದ್ದಲ್ಲ. ಕಾರ್ನೆಗೀ ಪ್ರತಿಷ್ಠಾನ 1929ರಲ್ಲಿ ಪ್ರಕಟಿಸಿದ ವರದಿ, ಅದು ದೇಶದ ಬಹುಪಾಲು ಕಾಲೇಜುಗಳಿಗೆ ಹಬ್ಬಿದ್ದುದನ್ನು ತೋರಿಸಿತು. ಸಣ್ಣ ಕಾಲೇಜು ಯಾವ ಉಪಾಯದಿಂದ ಎತ್ತರಕ್ಕೆ ಏರಿತೋ ಅದೇ ಉಪಾಯವನ್ನು ದೊಡ್ಡವು ಹೆಚ್ಚಿನ ಹಣದಿಂದ ಅನುಸರಿಸಬಲ್ಲವು. ಆ ಪೈಪೋಟಿಯಲ್ಲಿ ಕೊನೆಗೆ ಸೋಲುವುದು ಸಣ್ಣದೇ. 1960ರ ದಶಕದಲ್ಲಿ ಆಟಗಾರರನ್ನು ಬದಲಿಸುವ ಮಿತಿಯೂ ಸಡಿಲಿತು. ದಾಳಿಗೆ ಒಂದು ಪಡೆ, ತಡೆಗೆ ಇನ್ನೊಂದು ಪಡೆ ಎಂದಾಯಿತು. ಹನ್ನೊಂದು ಜನರ ಬಲದಿಂದ ಹಾರ್ವರ್ಡನ್ನು ಎದುರಿಸುವ ಬಾಗಿಲು ಹೀಗೆ ಮುಚ್ಚಿತು. 1973ರಲ್ಲಿ ಅಮೆರಿಕಾದ ಕಾಲೇಜುಗಳನ್ನು ಕ್ರೀಡೆಗಾಗಿ ಮೂರು ವರ್ಗಗಳಾಗಿ ವಿಂಗಡಿಸಿದರು. ಸೆಂಟರ್ ಇಂದು ಆಡುವುದು ಮೂರನೆಯದರಲ್ಲಿ. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವನ್ನು ಕೊಡುವಂತಿಲ್ಲ.

ಇದನ್ನು ಪತನವೆಂದು ನಾವು ಭಾವಿಸುವುದಿಲ್ಲ. ಓದಲು ಬಂದವರು ಆಡುತ್ತಾರೆ ಎಂಬ ಸಹಜ ಸ್ಥಿತಿಗೆ ಕಾಲೇಜು ಮರಳಿತೆಂದೇ ಹೇಳಬೇಕು. ಹಾಗೆಂದು 1921ರ ಗೆಲವನ್ನು ಹಗುರಾಗಿ ಕಾಣುವುದೂ ಸರಿಯಲ್ಲ. ಹುಡುಗರನ್ನು ತರಬಹುದು, ಒಂದು ವರ್ಷ ಹಿಂದೆ ಸೋತ ಮೈದಾನಕ್ಕೆ ಮರಳಿ, 6 ಅಂಕಗಳನ್ನು ಅರ್ಧ ಆಟದಷ್ಟು ಹೊತ್ತು ಕಾಯುವ ಧೈರ್ಯವನ್ನು ಎಲ್ಲಿಂದಲೂ ತರಲಾಗದು. ಆ ಸಂಜೆ ಡ್ಯಾನ್ವಿಲ್‌ನಲ್ಲಿ ಸಂತೋಷದಿಂದ ಹುಚ್ಚೆದ್ದ ವಿದ್ಯಾರ್ಥಿಗಳು, ಸೆಂಟರ್ 6, ಹಾರ್ವರ್ಡ್ 0 ಎಂಬುದನ್ನು ರಸಾಯನಶಾಸ್ತ್ರದ ಸೂತ್ರದಂತೆ ‘ಸಿ6 ಎಚ್0’ ಎಂದು ಕಂಡಕಂಡ ಗೋಡೆಗಳ ಮೇಲೆ ಬರೆದರು. ಜಲಜನಕದ ಒಂದು ಕಣವೂ ಇಲ್ಲದ ಅಂತಹ ಸೂತ್ರವನ್ನು ಯಾವ ಅಧ್ಯಾಪಕರೂ ಒಪ್ಪಲಾರರು. ಆದರೂ ಆವರಣದ ಹಳೆಯ ಕಟ್ಟಡವೊಂದರ ಗೋಡೆಯ ಮೇಲೆ ಆ ಬರಹವನ್ನು ಅಳಿಯಗೊಡದೆ ಕಾಪಾಡಿಕೊಂಡು ಬಂದಿದ್ದಾರೆ.